ಮಾಸ್ತರ ನೋಡ್ಯಾರ, ಏನೂ ಅಂದಿಲ್ಲ

ಆಳಂದದ ಮಾಸ್ತರರೇ, ಅಫಜಲಪುರದಲ್ಲಿ ಔಷಧದಂಗಡಿ ಇಟ್ಟಿರುವ ಅಣ್ಣಾವರೇ, ಜೇವರ್ಗಿಯಿಂದ ದಿನಾ ಬಸ್ಸು ಹಿಡಿದು ಕಲಬುರಗಿಗೆ ಹೋಗಿ ನರ್ಸಿಂಗ್ ಓದುವ ತಂಗೀ, ನಿವೃತ್ತರಾಗಿ ಊರ ಕಟ್ಟೆಗೆ ಮರಳಿದ ಹಿರಿಯರೇ, ಪುಣೆಯಲ್ಲಿ ಕೂಲಿ ಮುಗಿಸಿ ಊರಿನ ಗ್ರೂಪನ್ನು ತೆರೆದು ನೋಡುತ್ತ ನಿದ್ದೆಹೋಗುವ ತಮ್ಮಾ, ಈ ಮಾತು ನಿಮಗೆ. ಸುಳ್ಳನ್ನು ಕೂತು ಕಟ್ಟುವವನ ಹತ್ತಿರ ನಾನು ಬೇಡುವುದು ಏನೂ ಇಲ್ಲ. ಅವನಿಗೆ ಕಾಯ್ದೆ ಇದೆ, ಪೊಲೀಸ್ ಠಾಣೆ ಇದೆ. ನಾನು ಬಂದಿರುವುದು ನಿಮ್ಮ ಬಾಗಿಲಿಗೆ. ಒಂದು ಸುಳ್ಳು ಮೊಬೈಲಿಗೆ ಬಂದು ಬಿದ್ದಾಗ ಅದು ಸುಳ್ಳೆಂದು ನಿಮಗೆ ಮೊದಲ ಸಾಲಿಗೇ ತಿಳಿಯುತ್ತದೆ. ತಿಳಿದೂ ನೀವು ಬೆರಳು ಸರಿಸಿ ಯಾರದೋ ಹುಟ್ಟುಹಬ್ಬದ ಫೋಟೋಕ್ಕೆ, ತೊಗರಿಯ ಧಾರಣೆಗೆ, ನಾಳೆಯ ಮದುವೆ ಕರೆಯೋಲೆಗೆ ಹೋಗಿಬಿಡುತ್ತೀರಿ.

ನೀವು ಹೋದಮೇಲೆ ಅಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಮೊಬೈಲು ಓದುವವನು ಮನೆಗೆ ಒಬ್ಬ, ಕೇಳುವವರು ನಾಲ್ಕು ಮಂದಿ. ಮೊಮ್ಮಗ ಓದುತ್ತಾನೆ, ಅಜ್ಜಿ ಕೇಳುತ್ತಾಳೆ, ತೊಟ್ಟಿಲು ತೂಗುತ್ತಿರುವ ಸೊಸೆ ಕೇಳುತ್ತಾಳೆ, ಕಟ್ಟೆಗೆ ಕುಳಿತ ಪಕ್ಕದ ಮನೆಯವರೂ ಕೇಳುತ್ತಾರೆ. ಕೇಳಿದವರಿಗೆ ಅನುಮಾನ ಬರುವುದಿಲ್ಲ ಎಂದುಕೊಳ್ಳಬೇಡಿ, ಬರುತ್ತದೆ. ಆಗ ಅವರು ಇಂಟರ್ನೆಟ್ಟಿನಲ್ಲಿ ಹುಡುಕಲು ಹೋಗುವುದಿಲ್ಲ. ತಮಗೆ ಗೊತ್ತಿರುವ ಹಳೆಯ ಪದ್ಧತಿಯಲ್ಲೇ ವಿಚಾರಿಸುತ್ತಾರೆ. "ಗ್ರೂಪಿನ್ಯಾಗ ಮಾಸ್ತರ ಅದಾರಿಲ್ಲ?" "ಅದಾರ." "ನೋಡ್ಯಾರೇನು?" "ನೋಡ್ಯಾರ." "ಏನಂದ್ರು?" "ಏನೂ ಅಂದಿಲ್ಲ." ಅಲ್ಲಿಗೆ ವಿಚಾರಣೆ ಮುಗಿಯಿತು. ಮಾಸ್ತರು ನೋಡಿಯೂ ಏನೂ ಅನ್ನಲಿಲ್ಲ ಎಂದರೆ ಖರೇನೇ ಇರಬೇಕು. ನೀವು ನೋಡಿದಿರೆಂದು ಕಳಿಸಿದವನಿಗೆ ತೋರಿಸುವ ಆ ಎರಡು ನೀಲಿ ಗೀಟುಗಳು ನಿಮ್ಮ ಮಟ್ಟಿಗೆ ಏನೂ ಅಲ್ಲದಿರಬಹುದು. ಆ ಅಜ್ಜಿಯ ಮಟ್ಟಿಗೆ ಅವು ನೀವು ಹಾಕಿದ ಸಹಿ.

ನೀವು ನೋಡಿದ್ದೀರಿ. ನೀವು ಏನೂ ಅನ್ನಲಿಲ್ಲ.

ಬೇರೆ ಯಾವ ಜಿಲ್ಲೆಗೂ ಹೇಳಬಹುದಾದ ಈ ಮಾತನ್ನು ನಮ್ಮ ಜಿಲ್ಲೆಗೆ ಹೇಳಬೇಕಾಗಿ ಬಂದಿರುವುದೇ ಸಂಕಟ. ಭಾರತದಲ್ಲಿ ಕೊರೊನಾದಿಂದ ಸತ್ತ ಮೊದಲ ಮನುಷ್ಯ ಕಲಬುರಗಿಯವರು. 76 ವರ್ಷದ ಹಿರಿಯರು, 2020ರ ಫೆಬ್ರವರಿ ಕೊನೆಗೆ ಸೌದಿ ಅರೇಬಿಯಾದಿಂದ ಮನೆಗೆ ಮರಳಿದವರು. ಜ್ವರ ಕೆಮ್ಮು ಏರಿದಾಗ ಮನೆಯವರು ಹೈದರಾಬಾದಿನ ತನಕ ದವಾಖಾನೆಗಳಿಗೆ ಒಯ್ದರು. ಮರಳಿ ತರುವ ದಾರಿಯಲ್ಲಿ, ಮಾರ್ಚ್ 10ರಂದು, ಅವರು ತೀರಿಕೊಂಡರು. ಕೊರೊನಾ ಎಂದು ಖಚಿತವಾದದ್ದು ಮಾರ್ಚ್ 12ಕ್ಕೆ. ರಾಜ್ಯ ಸರ್ಕಾರದ ಪಟ್ಟಿಯಲ್ಲಿ ಅವರು ಪಿ-6 ಎಂಬ ಗುರುತಾದರು. ಸರ್ಕಾರ ಗುರುತಷ್ಟೇ ಕೊಟ್ಟರೂ ಅವರ ಹೆಸರು ದೇಶದ ತುಂಬ ಓಡಾಡಿತು. ಅವರ ಮನೆಯವರಿಗೆ, ಮನೆಗೆ ಬಂದು ಅವರನ್ನು ನೋಡಿದ ವೈದ್ಯರಿಗೆ ಸೋಂಕು ತಗುಲಿತು. ಸಾವಿನ ಮನೆಗೆ ಮಂದಿ ಹೋಗುವುದು ನಮ್ಮ ಪದ್ಧತಿ, ಬುತ್ತಿ ಕಟ್ಟಿಕೊಂಡು ಹೋಗಿ ಅತ್ತವರಿಗೆ ಉಣ್ಣಿಸಿ ಬರುವುದು ನಮ್ಮ ಪದ್ಧತಿ. ಆ ಮನೆಗೆ ಯಾರೂ ಹೋಗುವಂತಿರಲಿಲ್ಲ, ಸರಿ, ರೋಗ ಅಂಥದು. ಆದರೆ ಹೋಗಲಾರದ ನಾವು ಆ ಮನೆಯವರ ಬಗ್ಗೆ ಮೊಬೈಲಿನಲ್ಲಿ ಆಡಿಕೊಳ್ಳುವುದನ್ನೂ ಬಿಡಬಹುದಿತ್ತು. ದುಃಖದಲ್ಲಿದ್ದ ಒಂದು ಕುಟುಂಬ ಬೀದಿಬೀದಿಯ ಮಾತಾಗುತ್ತಿದ್ದಾಗ, ಗೊತ್ತಿದ್ದವರು, ಇದು ತಪ್ಪು ಎಂದು ಒಳಗೊಳಗೇ ಅಂದುಕೊಂಡವರು, ಬಹಳ ಮಂದಿ ಇದ್ದರು.

ಅದಾದಮೇಲೆ ಬಂದ ದಿನಗಳನ್ನು ನೆನೆಸಿಕೊಳ್ಳಿ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಎಷ್ಟು ಓಡಿತೆಂದರೆ, ಗೋಕಾಕ ತಾಲೂಕಿನ ಒಬ್ಬ ಸಾಕಣೆದಾರ ಆರು ಸಾವಿರದಷ್ಟು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹುಗಿದ. ಆ ದೃಶ್ಯವನ್ನೂ ನಾವು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ದಿಲ್ಲಿಯ ನಿಜಾಮುದ್ದೀನಿನಲ್ಲಿ ನಡೆದ ಮುಸ್ಲಿಮರ ಧಾರ್ಮಿಕ ಸಮಾವೇಶದ ಸುದ್ದಿ ಬಂತು, ಬಂದದ್ದೇ ತಡ, ಹಳೆಯ ವಿಡಿಯೋಗಳು, ಬೇರೆ ದೇಶದ ವಿಡಿಯೋಗಳು ಹೊಸ ತಲೆಬರಹ ಹೊತ್ತು ಹಣ್ಣು ಮಾರುವವನ ಮೇಲೆ, ತಳ್ಳುಗಾಡಿಯ ಮುದುಕನ ಮೇಲೆ ಬಂದು ಬಿದ್ದವು. ಬಾಗಲಕೋಟೆ ಜಿಲ್ಲೆಯಲ್ಲಿ ಮೀನು ಹಿಡಿಯಲು ಹೋದ ಮುಸ್ಲಿಮರನ್ನು ಜನ ಅಡ್ಡಗಟ್ಟಿದರು, ಅವರು ಕೈಮುಗಿದು ನಿಂತರು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಯಿತು ಎಂಬ ಅರ್ಥದ ಮಾತು ಹೇಳಿತು. ಕೋರ್ಟಿನ ಆ ಮಾತನ್ನು ಎಷ್ಟು ಗ್ರೂಪುಗಳು ಓದಿದವು? ಮೊದಲಿನ ಸುಳ್ಳು ಬಂದಷ್ಟೇ ಗ್ರೂಪುಗಳಿಗೆ ಆ ತೀರ್ಪೂ ಬರಬೇಕಿತ್ತು, ತರುವವರು ನೀವಾಗಬೇಕಿತ್ತು. ಲಾಡ್ಲೆ ಮಶಾಕರ ದರ್ಗಾಕ್ಕೆ ನಡೆದುಕೊಳ್ಳುವ ಹಿಂದೂಗಳಿರುವ ಆಳಂದ ಇದು, ಚೆನ್ನೂರ ಜಲಾಲಸಾಹೇಬರನ್ನು ಶಿಷ್ಯನನ್ನಾಗಿ ಮಾಡಿಕೊಂಡ ಕಡಕೋಳ ಮಡಿವಾಳಪ್ಪನ ಜೇವರ್ಗಿ ಸೀಮೆ ಇದು, ಇಲ್ಲಿಯೂ ನಾವು ಕಾಯಿಪಲ್ಯ ಕೊಳ್ಳುವ ಮುಂಚೆ ಮಾರುವವನ ಹೆಸರು ಕೇಳುವ ಗತಿಗೆ ಬಂದೆವಲ್ಲ, ಆ ಹೊತ್ತಿನಲ್ಲಿ ನೀವು ಎಲ್ಲಿದ್ದಿರಿ? ನೀವು ಇದ್ದಿರಿ. ಗ್ರೂಪಿನಲ್ಲೇ ಇದ್ದಿರಿ.

ಇನ್ನು ನಮ್ಮವರೇ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಂದ, ತಾಂಡಾಗಳಿಂದ ಸೊಲ್ಲಾಪುರಕ್ಕೆ, ಪುಣೆಗೆ, ಮುಂಬೈಗೆ ದುಡಿಯಲು ಹೋದವರು 2020ರ ಮೇ ತಿಂಗಳಲ್ಲಿ ಕೂಸು ಕುನ್ನಿ ಕಟ್ಟಿಕೊಂಡು ಮರಳಿದರು. ಅವರು ಯಾವ ಊರಿನ ಬಾಳು ಕಟ್ಟಲು ಹೋಗಿದ್ದರೋ ಆ ಊರು ಅವರನ್ನು ಬಿಟ್ಟುಕೊಟ್ಟಿತ್ತು, ಯಾವ ಊರಲ್ಲಿ ಹುಟ್ಟಿದ್ದರೋ ಆ ಊರು ಬಾಯಿಗೆ ಮುಳ್ಳುಕಂಟಿ ಬಡಿದು ನಿಂತಿತ್ತು. ಸರ್ಕಾರಿ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಅವರನ್ನು ಇಡಲಾಯಿತು. ದಿನಾ ಸಂಜೆಯ ಪಟ್ಟಿಯಲ್ಲಿ ಕಲಬುರಗಿಯ ಹೆಸರಿನ ಮುಂದೆ "ಮಹಾರಾಷ್ಟ್ರದಿಂದ ಬಂದವರು" ಎಂದು ಬರುತ್ತಿತ್ತು; ಆ ಎರಡು ಪದ ಸಾಕಾಗಿ, ಇಡೀ ತಾಂಡಾಕ್ಕೆ ತಾಂಡಾವೇ ರೋಗದ ಗುಡ್ಡೆ ಎಂದು ಮಾತಾಯಿತು. ಊರಿಗೆ ಅಂಜಿಕೆ ಇದ್ದದ್ದು ತಪ್ಪಲ್ಲ. ಅಂಜಿದವನ ಕೈಯಲ್ಲಿ ಸುಳ್ಳು ಕೊಟ್ಟದ್ದು ತಪ್ಪು, ಕೊಡುವುದನ್ನು ನೋಡುತ್ತ ನಿಂತದ್ದು ಅದಕ್ಕಿಂತ ಸಣ್ಣ ತಪ್ಪೇನಲ್ಲ. ಶಾಲೆಯ ಕೋಣೆಯಲ್ಲಿ ಹದಿನಾಲ್ಕು ದಿನ ಕುಳಿತ ಆ ತಾಯಿಗೆ ಊರಿನ ಗ್ರೂಪಿನಲ್ಲಿ ಜಾಗವಿರಲಿಲ್ಲ. ತನ್ನ ಬಗ್ಗೆ ಅಲ್ಲಿ ಏನು ಬರುತ್ತಿದೆ ಎಂದು ಓದುವ ಅಕ್ಷರ ಅವಳಿಗಿರಲಿಲ್ಲ, ಓದಿದರೂ ಉತ್ತರ ಕೊಡುವ ಧೈರ್ಯ ಎಲ್ಲಿಂದ ಬರಬೇಕು? ಅವಳ ಪರವಾಗಿ ಉತ್ತರ ಕೊಡಬಲ್ಲವರು ಆ ಗ್ರೂಪಿನಲ್ಲಿ ಇಬ್ಬರೋ ಮೂವರೋ ಇದ್ದರು. ಅವರಲ್ಲಿ ಒಬ್ಬರು ನೀವು.

ನೀವು ನೋಡಿದ್ದೀರಿ. ನೀವು ಏನೂ ಅನ್ನಲಿಲ್ಲ.

ಓದಿದವರೆಂದ ಮಾತ್ರಕ್ಕೆ ಸುಳ್ಳು ನಮ್ಮನ್ನು ಮುಟ್ಟುವುದಿಲ್ಲ ಎಂಬ ಗರ್ವವೂ ಬೇಡ. 2021ರ ಏಪ್ರಿಲಿನಲ್ಲಿ, ಆಮ್ಲಜನಕಕ್ಕಾಗಿ ಊರೂರು ಪರದಾಡುತ್ತಿದ್ದಾಗ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂಬ ಮಾತನ್ನು ಹೆಸರಾಂತ ವ್ಯಕ್ತಿಯೊಬ್ಬರು ಆಡಿದರು, ಅದು ಒಂದು ಗಾಳಿಗೆ ನಾಡಿನ ಎಲ್ಲ ಮೊಬೈಲಿಗೂ ತಲುಪಿತು. ಕೆಲವೇ ದಿನಗಳಲ್ಲಿ ನಮ್ಮ ಕಡೆಯದೇ ಆದ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಮೂಗಿಗೆ ನಿಂಬೆರಸ ಹಾಕಿಕೊಂಡ ಬಳಿಕ ಅಸ್ವಸ್ಥರಾಗಿ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಕ್ಕಳಿಗೆ ಪಾಠ ಹೇಳುವವರು, ಅಕ್ಷರ ಬಲ್ಲವರು. ಅಂಜಿಕೆ ಹೆಚ್ಚಾದ ರಾತ್ರಿಯಲ್ಲಿ ಯಾರ ವಿದ್ಯೆಯೂ ಕೈಹಿಡಿಯುವುದಿಲ್ಲ, ಹತ್ತಿರದವರ ಒಂದು ಮಾತು ಹಿಡಿಯುತ್ತದೆ. ಮೂಗಿಗೆ ಹಾಕಿದ ರಸ ಪುಪ್ಪುಸಕ್ಕೆ ಆಮ್ಲಜನಕ ಕೊಡುವುದಿಲ್ಲ, ಸುಮ್ಮನಿರಿ, ಆಕ್ಸಿಮೀಟರಿನಲ್ಲಿ ಬೆರಳಿಟ್ಟು ನೋಡಿ, 94ಕ್ಕಿಂತ ಇಳಿದರೆ ದವಾಖಾನೆಗೆ ನಡೆಯಿರಿ ಎಂದು ಯಾರೋ ಒಬ್ಬರು, ಪರಿಚಯದವರು, ಗದರಿಸಿ ಹೇಳಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಯಾರೋ ಒಬ್ಬರು ಎಂದೆ. ಯಾಕೆ ಸರ್ಕಾರವಲ್ಲ, ಯಾಕೆ ಕಂಪನಿಯಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವಾಟ್ಸಾಪಿನಲ್ಲಿ ನೀವು ಕಳಿಸಿದ್ದು ಕಳಿಸಿದವನ ಮತ್ತು ಪಡೆದವನ ಮೊಬೈಲಿನಲ್ಲಿ ಬಿಟ್ಟರೆ ನಡುವೆ ಎಲ್ಲಿಯೂ ತೆರೆದುಕೊಳ್ಳುವುದಿಲ್ಲ. ಕಂಪನಿಯೂ ಅದನ್ನು ಓದಲಾರದು. ಅದು ಒಳ್ಳೆಯದೇ, ನಮ್ಮ ಮನೆಮಾತು ನಮಗಿರಲಿ. ಆದರೆ ಅದರ ಅರ್ಥ ನಿಮಗೆ ಹೊಳೆಯಿತೇ? ನಿಮ್ಮ ಊರಿನ ಗ್ರೂಪಿನೊಳಗೆ ಬಂದು ಬಿದ್ದ ಸುಳ್ಳನ್ನು ಬೆಂಗಳೂರಿನ ಆರೋಗ್ಯ ಸೌಧ ನೋಡುವುದಿಲ್ಲ, ಜಿಲ್ಲಾಧಿಕಾರಿ ನೋಡುವುದಿಲ್ಲ, ಫ್ಯಾಕ್ಟ್ ಚೆಕ್ ಮಾಡುವ ಪತ್ರಕರ್ತ ನೋಡುವುದಿಲ್ಲ. ಬಾಗಿಲು ಹಾಕಿದ ಆ ಕೋಣೆಯಲ್ಲಿ ತಿಳಿದವರೆಂದು ಇರುವವರು ನೀವು ಮಾತ್ರ.

ಬಾಗಿಲು ಹಾಕಿದ ಕೋಣೆಯಲ್ಲಿ ಸುಳ್ಳು ಬೆಳೆದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಕೊರೊನಾಕ್ಕೆ ಎರಡು ವರ್ಷ ಮೊದಲೇ ನಮ್ಮ ಸುತ್ತಮುತ್ತ ಕಂಡಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಅದು. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಎಂಬಲ್ಲಿ ಐದು ಮಂದಿಯನ್ನು ಬಡಿದು ಕೊಂದರು. ಅವರು ಅಲೆದು ಬೇಡಿ ತಿನ್ನುವ ನಾಥಪಂಥಿ ಗೋಸಾವಿಗಳು, ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ನಮ್ಮ ಅಫಜಲಪುರದ ಗಡಿಯಾಚೆಯ ಜಿಲ್ಲೆ ಅದು. ಬಸವಣ್ಣ ಕಾಯಕ ಮಾಡಿದ ಮಂಗಳವೇಢೆ. ಅದೇ ತಿಂಗಳ 13ರಂದು ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಎಂಜಿನಿಯರನನ್ನು ಕೊಂದರು. ಅವನೂ ಅವನ ಗೆಳೆಯರೂ ದಾರಿಯ ಊರಿನಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅವರ ಕಾರಿಗಿಂತ ಮುಂಚೆ ಗ್ರೂಪಿನ ಸುದ್ದಿ ಮುಂದಿನ ಊರು ಮುಟ್ಟಿತ್ತು, ಜನ ರಸ್ತೆಗೆ ಅಡ್ಡಹಾಕಿ ಕಾದಿದ್ದರು. ಆ ತಿಂಗಳೇ ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಲು ಹೊರಟಿತು. 2020ರ ಏಪ್ರಿಲಿನಲ್ಲಿ, ಕೊರೊನಾದ ನಡುವೆ, ಬಹಳ ಸಲ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಇಳಿಸಿತು. ಎರಡು ಬಾಣದ ಗುರುತಿನೊಡನೆ "ಹಲವು ಬಾರಿ ಫಾರ್ವರ್ಡ್ ಆಗಿದೆ" ಎಂದು ಬರುತ್ತದಲ್ಲ, ಅದು ಆ ಸಾವುಗಳು ನಮಗೆ ಬಿಟ್ಟುಹೋದ ಗುರುತು. ಯಂತ್ರ ಅಷ್ಟನ್ನು ಮಾಡಿತು, ಅದಕ್ಕಿಂತ ಹೆಚ್ಚು ಮಾಡಲಾರದು. ಮುರ್ಕಿಗೆ ಆ ಸುದ್ದಿ ಹೋದ ಗ್ರೂಪಿನಲ್ಲಿ ಒಬ್ಬನೇ ಒಬ್ಬ "ತಡೀರಿ, ಮೊದಲ ಪೊಲೀಸರಿಗಿ ಕೇಳೋಣು" ಎಂದು ಒಂದು ಸಾಲು ಹಾಕಿದ್ದರೆ ಎಂದು ಯೋಚಿಸಿ ನೋಡಿ.

ಹಿಂದೆ ಊರಲ್ಲಿ ಡಂಗುರ ಹೊಡೆಯುತ್ತಿದ್ದರು. ಹಲಗೆ ಬಡಿಯುತ್ತ ಓಣಿಯ ಮೂಲೆಗೆ ನಿಂತವನನ್ನು ಊರೆಲ್ಲ ಬಲ್ಲದು. ಅವನು ಮೊದಲು ಹೇಳುತ್ತಿದ್ದದ್ದು ಯಾರ ಅಪ್ಪಣೆಯಿಂದ ಸಾರುತ್ತಿದ್ದೇನೆ ಎಂಬುದನ್ನು, ಆಮೇಲೆ ಸುದ್ದಿ. ತಪ್ಪಿದ್ದರೆ ಅವನನ್ನೇ ನಿಲ್ಲಿಸಿ ಕೇಳಬಹುದಿತ್ತು. ಈಗಿನ ಡಂಗುರಕ್ಕೆ ಮುಖವೇ ಇಲ್ಲ. ಯಾರ ಅಪ್ಪಣೆ ಎಂದರೆ "ಬಂದದ, ಕಳಿಸೀನಿ" ಅನ್ನುತ್ತಾರೆ. ಹಾಗಾಗಿ ಜನ ಮುಖ ಹುಡುಕುತ್ತಾರೆ, ನಿಮ್ಮ ಮುಖ ಸಿಗುತ್ತದೆ. ನೀವು ಹಲಗೆ ಬಡಿಯದಿದ್ದರೂ ಡಂಗುರ ನಿಮ್ಮ ಹೆಸರಿನಲ್ಲಿ ಊರು ಸುತ್ತುತ್ತದೆ.

ಈ ಸುತ್ತಾಟದ ಪೆಟ್ಟು ಯಾರ ಮೈಮೇಲೆ ಬೀಳುತ್ತದೆ? ನಮ್ಮ ಮೂರು ತಾಲೂಕಿನ ಆಶಾ ಅಕ್ಕಂದಿರನ್ನು ನೋಡಿ. 2020ರಲ್ಲಿ ಮನೆಮನೆಗೆ ಹೋಗಿ ಜ್ವರ ಅದ ಏನ್ರಿ, ಹೊರಗಿಂದ ಯಾರರ ಬಂದಾರೇನ್ರಿ ಎಂದು ಕೇಳಿ ಬರೆದುಕೊಂಡವರು ಅವರು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಆ ಏಪ್ರಿಲಿನಲ್ಲಿ ಅಂಥ ಒಬ್ಬ ಆಶಾ ಕಾರ್ಯಕರ್ತೆಯನ್ನು ಸುತ್ತುವರಿದು ಚೀಲ ಕಿತ್ತುಕೊಂಡು ಎಳೆದಾಡಿದರು. ಪೌರತ್ವದ ಪಟ್ಟಿ ಮಾಡಲು ಬಂದಿದ್ದಾಳೆ ಎಂಬ ವದಂತಿ. ಅಂದರೆ ಸುಳ್ಳಿಗೆ ಜಾತಿ ಧರ್ಮ ಇಲ್ಲ, ಎಲ್ಲರ ಗ್ರೂಪಿನಲ್ಲೂ ಅದು ಎಲ್ಲರ ಅಂಜಿಕೆಯನ್ನು ತಿಂದು ಬೆಳೆಯುತ್ತದೆ. ಅದೇ ತಿಂಗಳ 22ಕ್ಕೆ ಕೇಂದ್ರ ಸರ್ಕಾರ ಬ್ರಿಟಿಷರು ಪ್ಲೇಗಿನ ಕಾಲಕ್ಕೆ ಮಾಡಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡುವುದಕ್ಕೆ ಕಠಿಣ ಶಿಕ್ಷೆ ಇಟ್ಟಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪುರಸ್ಕಾರ ಕೊಟ್ಟಿತು. ನಡುವೆ, 2020ರ ಜುಲೈಯಲ್ಲಿ, ಇದೇ ಕರ್ನಾಟಕದ ಆಶಾಗಳು ತಿಂಗಳಿಗೆ ಹನ್ನೆರಡು ಸಾವಿರ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿ ಕೂತರು. ಪುರಸ್ಕಾರ ಜಿನೀವಾದಿಂದ ಬಂತು; ಬೇಡಿದ ಸಂಬಳಕ್ಕೆ ಅವರು ಮುಂದೆಯೂ ಬೀದಿಗಿಳಿಯಬೇಕಾಯಿತು. ಇಂಥ ಹೆಣ್ಣುಮಗಳು ಬಿಸಿಲಲ್ಲಿ ಲಸಿಕೆಯ ಪಟ್ಟಿ ಹಿಡಿದು ನಿಮ್ಮ ಓಣಿಗೆ ಬಂದಾಗ, ಹಿಂದಿನ ರಾತ್ರಿ ಗ್ರೂಪಿಗೆ ಬಂದ ಒಂದು ವಿಡಿಯೋದ ಕಾರಣಕ್ಕೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡರೆ, ಅವಳು ಯಾರಿಗೆ ಹೇಳಬೇಕು? "ಅವರ ಮಾತ ಕೇಳಬ್ಯಾಡ್ರಿ, ನನ್ನ ಮಾತ ಕೇಳ್ರಿ" ಎಂದು ಅವಳೊಬ್ಬಳೇ ಎಷ್ಟು ಬಾಗಿಲು ತಟ್ಟಬೇಕು?

ಆ ಮುಚ್ಚಿದ ಬಾಗಿಲ ಒಳಗೆ ಒಂಬತ್ತು ತಿಂಗಳ ಕೂಸು ಇದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ದಕ್ಷಿಣದ ಕಡೆ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾದಾಗ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದ ಮಕ್ಕಳಿಗೆಲ್ಲ ಒಂದು ಸೂಜಿ ಎಂದಾಗ, ವಾಟ್ಸಾಪಿನಲ್ಲಿ ಅದರ ವಿರುದ್ಧ ಎಂಥೆಂಥ ಮಾತು ಹರಿದಾಡಿದವು ನೆನಪಿರಬೇಕು. ದಡಾರ, ನಮ್ಮಲ್ಲಿ ಗೊಬ್ಬರ ಎಂದು ಕರೆಯುತ್ತಾರಲ್ಲ, ಅದು ಒಂದು ಮಗುವಿಗೆ ಬಂದರೆ ಲಸಿಕೆ ಇಲ್ಲದ ಹತ್ತಾರು ಮಕ್ಕಳಿಗೆ ಹಬ್ಬುತ್ತದೆ. ಅಪೌಷ್ಟಿಕತೆ ಇರುವ ಮನೆಗಳಲ್ಲಿ ನ್ಯುಮೋನಿಯಾ ಆಗುತ್ತದೆ, ಭೇದಿಯಾಗುತ್ತದೆ, ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಪೋಲಿಯೊ ಹನಿಯ ವಿರುದ್ಧವೂ ಇದೇ ಮಾತು ಆಡಿದ್ದರು. ಆದರೂ ಮನೆಮನೆಗೆ ಹೋಗಿ ಹನಿ ಹಾಕಿದ ಹೆಣ್ಣುಮಕ್ಕಳಿಂದಾಗಿ 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತ ಎನಿಸಿತು. ಊರಿನಲ್ಲಿ ಕಾಲು ಎಳೆದುಕೊಂಡು ನಡೆಯುವ ನಿಮ್ಮ ವಯಸ್ಸಿನವರು ಒಬ್ಬರಾದರೂ ಇರಬೇಕು, ಅವರ ಮೊಮ್ಮಕ್ಕಳ ವಯಸ್ಸಿನಲ್ಲಿ ಅಂಥವರು ಯಾರೂ ಇಲ್ಲ. ಇದನ್ನು ಅಜ್ಜಿಗೆ ತೋರಿಸಿ ಹೇಳಲು ಡಾಕ್ಟರು ಬೇಕಿಲ್ಲ. ಆ ಕೂಸಿಗೆ ವಾಟ್ಸಾಪು ಇಲ್ಲ, ಮತ ಇಲ್ಲ, ಮಾತೂ ಇಲ್ಲ. ಅದರ ಪಾಲಿನ ಮಾತು ನಿಮ್ಮ ಹತ್ತಿರ ಇದೆ, ನೀವು ಅದನ್ನು ಇಟ್ಟುಕೊಂಡು ಕೂತಿದ್ದೀರಿ.

ನೀವು ನೋಡಿದ್ದೀರಿ. ನೀವು ಏನೂ ಅನ್ನಲಿಲ್ಲ.

ಇದು ಮುಗಿದ ಕಥೆಯೆಂದು ಮಾತ್ರ ಅಂದುಕೊಳ್ಳಬೇಡಿ. 2024ರ ಮಳೆಗಾಲದಲ್ಲಿ ಡೆಂಗಿ ಹೆಚ್ಚಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ಎಂದು ಘೋಷಿಸಿದಾಗ, ನೀರು ನಿಂತ ಡ್ರಮ್ಮು ಬೋರಲು ಹಾಕಿ ಎಂಬ ಸಣ್ಣ ಮಾತಿಗಿಂತ ಪಪ್ಪಾಯಿ ಎಲೆಯ ರಸದ ವಿಡಿಯೋ ಮುಂದೆ ಓಡಿತು. 2025ರ ಬೇಸಿಗೆ ಕಳೆದು ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದಾಗ, ಕೊರೊನಾ ಲಸಿಕೆಯೇ ಕಾರಣವೆಂಬ ಮಾತು ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತಿತು. ತಜ್ಞರ ಸಮಿತಿಗೆ ಲಸಿಕೆಯ ಮೇಲೆ ಆ ದೋಷ ಹೊರಿಸಲು ಆಧಾರ ಸಿಗಲಿಲ್ಲ. ಅಂಜಿ ಬಂದವರ ತಪ್ಪೇನಿಲ್ಲ. ಆದರೆ ಆ ಉದ್ದ ಸಾಲಿನ ಹಿಂದೆ, ನಿಜವಾಗಿ ಎದೆನೋವು ಹಿಡಿದು ಬಂದ ಒಬ್ಬ ರೈತ ತನ್ನ ಪಾಳಿಗಾಗಿ ನಿಂತಿದ್ದರೆ ಅವನಿಗೆ ಯಾರು ದಾರಿ ಬಿಡಬೇಕು? ಕಲಬುರಗಿಗೂ ಈಗ 371 ಹಾಸಿಗೆಯ ಜಯದೇವ ಬಂದಿದೆ, 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಹೈದರಾಬಾದು, ಸೊಲ್ಲಾಪುರ ಎಂದು ಅಲೆಯುತ್ತಿದ್ದ ನಮ್ಮ ಮಂದಿಗೆ ಎಷ್ಟೋ ವರ್ಷಗಳ ಮೇಲೆ ಸಿಕ್ಕ ಬಾಗಿಲು ಅದು. ಮುಂದಿನ ವದಂತಿಯ ದಿನ ಆ ಬಾಗಿಲಿನ ಮುಂದೆ ಯಾರು ನಿಂತಿರಬೇಕು ಎಂಬುದು ಹಿಂದಿನ ರಾತ್ರಿ ನಿಮ್ಮ ಗ್ರೂಪಿನಲ್ಲಿ ತೀರ್ಮಾನವಾಗುತ್ತದೆ.

ಸರ್ಕಾರದ ಪರವಾಗಿ ಮಾತಾಡಿ ಎಂದು ನಾನು ಕೇಳುತ್ತಿಲ್ಲ. ಸರ್ಕಾರ ಬಾಯಿ ಮುಚ್ಚಿಕೊಂಡ ಕಡೆಯಲ್ಲೇ ವದಂತಿ ಹುಟ್ಟುತ್ತದೆ, ಅದು ನನಗೂ ಗೊತ್ತು. 2020ರ ಮಾರ್ಚಿನಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಿಸಿಕೊಂಡವರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು; ಬಾಗಿಲಿಗೆ ಚೀಟಿ ಅಂಟಿಸಿದ್ದು ಸಾಲದೆ ಊರಿನ ಬಾಯಿಗೆ ಆ ಮನೆಗಳನ್ನು ಕೊಟ್ಟಿತು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜೀವ ಹೋದವು. ಆಮ್ಲಜನಕವಿಲ್ಲದೆ ಸತ್ತವರು ಎಷ್ಟು ಎಂಬುದಕ್ಕೆ ಅಧಿಕಾರದಲ್ಲಿದ್ದವರು ಕೊಟ್ಟ ಮೊದಲ ಲೆಕ್ಕ ಸತ್ತವರ ಮನೆಯವರ ಲೆಕ್ಕಕ್ಕೆ ಹೊಂದಲಿಲ್ಲ. ಅದಕ್ಕೆ ಎರಡು ದಿನ ಮೊದಲು, ಏಪ್ರಿಲ್ 30ರಂದು, ಆಮ್ಲಜನಕ ಇಲ್ಲ, ಹಾಸಿಗೆ ಇಲ್ಲ ಎಂದು ಸಾಮಾಜಿಕ ಜಾಲತಾಣದಲ್ಲಿ ಅಳಲು ತೋಡಿಕೊಳ್ಳುವ ನಾಗರಿಕರ ಬಾಯಿ ಮುಚ್ಚಿಸಬೇಡಿ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ನಿಮ್ಮ ಊರಿನ ಪಿಎಚ್‌ಸಿಯಲ್ಲಿ ವೈದ್ಯರಿಲ್ಲದಿದ್ದರೆ, ಹಾವು ಕಡಿತದ ಔಷಧ ಮುಗಿದಿದ್ದರೆ, ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿದ್ದರೆ ಅದನ್ನೂ ಬರೆಯಿರಿ, ಫೋಟೋ ಹಾಕಿ, ದಿನಾಂಕ ಹಾಕಿ, ತಹಶೀಲ್ದಾರರ ತನಕ ಮುಟ್ಟಿಸಿ. ನಿಜ ಹೇಳುವ ಅಭ್ಯಾಸವಿರುವ ಬಾಯಿಗೇ ಸುಳ್ಳನ್ನು ಸುಳ್ಳೆನ್ನುವ ತೂಕ ಬರುವುದು.

ನೀವು ಯಾಕೆ ಸುಮ್ಮನಿದ್ದಿರಿ ಎಂದೂ ನನಗೆ ಗೊತ್ತು. ನಿಮ್ಮನ್ನು ಕೆಟ್ಟವರೆಂದು ತಿಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕಳಿಸಿದವರು ಸೋದರಮಾವ, ಎದುರಾಡಿದರೆ ಹಬ್ಬಕ್ಕೆ ಮನೆಗೆ ಕರೆಯಲಿಕ್ಕಿಲ್ಲ. ಕಳಿಸಿದವರು ಊರ ಗೌಡರು, ನಾಳೆ ಪಂಚಾಯಿತಿಯಲ್ಲಿ ಅವರ ಕೆಲಸ ಬೀಳುತ್ತದೆ. ಕಳಿಸಿದವರು ನಿಮ್ಮ ಪಾರ್ಟಿಯವರು, ತಿದ್ದಿದರೆ ಆಚೆಯವರೆನ್ನುತ್ತಾರೆ. "ನಿಮಗ್ಯಾಕ ಬೇಕ್ರಿ ಊರ ಉಸಾಬರಿ" ಎಂದು ಮನೆಯವರೇ ಹೇಳುತ್ತಾರೆ. ಇವೆಲ್ಲ ನಿಜವಾದ ಅಂಜಿಕೆಗಳು. ಆದರೆ ಗ್ರೂಪಿನಲ್ಲಿ ಯಾರ ಮಾನವನ್ನೂ ತೆಗೆಯಬೇಕಿಲ್ಲ. ಮಾವನಿಗೆ ಬೇರೆಯಾಗಿ ಫೋನು ಹಚ್ಚಿ, "ಮಾವಾ, ಅದು ಹಳಿ ವಿಡಿಯೋ ಅದ, ನಮ್ಮ ಕಡೀದಲ್ಲ, ತೆಗೆದುಬಿಡ್ರಿ, ಮಂದಿ ನಿಮ್ಮ ಮಾತ ಕೇಳ್ತಾರ, ಅದಕ್ಕ ಹೇಳ್ತೀನಿ" ಎಂದರೆ ಅವರಿಗೆ ಮರ್ಯಾದೆ ಹೋಗುವುದಿಲ್ಲ, ಹೆಚ್ಚುತ್ತದೆ. ಆಮೇಲೆ ಗ್ರೂಪಿನಲ್ಲಿ ಯಾರ ಹೆಸರನ್ನೂ ಎತ್ತದೆ ಒಂದು ಸಾಲು. ಬರೆಯಲು ಬೇಸರವೇ? ನಿಮ್ಮ ದನಿಯಲ್ಲಿ ಹೇಳಿ ಕಳಿಸಿ. ಓದಲು ಬಾರದ ಅಜ್ಜಿಗೆ ಅಕ್ಷರಕ್ಕಿಂತ ನಿಮ್ಮ ದನಿಯ ಗುರುತೇ ಹೆಚ್ಚು. ನಮ್ಮ ಗಡಿಯ ಊರುಗಳಿಗೆ ಸುಳ್ಳು ಮರಾಠಿಯಲ್ಲಿ ಬರುತ್ತದೆ, ಉರ್ದುವಿನಲ್ಲಿ ಬರುತ್ತದೆ, ತಾಂಡಾದ ಗೋರಬೋಲಿಯಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಬೆಂಗಳೂರಿನ ಗ್ರಾಂಥಿಕ ಕನ್ನಡದ ಪ್ರಕಟಣೆಗೆ ಅಲ್ಲಿ ಕಾಲೂರಲು ಆಗುವುದಿಲ್ಲ. ಆ ಭಾಷೆ ಬಲ್ಲ ಗೆಳೆಯ ನಿಮಗೆ ಇದ್ದೇ ಇರುತ್ತಾನೆ, ಅವನಿಂದ ಹೇಳಿಸಿ. ಅನುಮಾನವಿದ್ದರೆ 104ಕ್ಕೆ ಫೋನು ಮಾಡಿ ಕೇಳಿ, ಅದು ಸರ್ಕಾರದ ಆರೋಗ್ಯ ಸಹಾಯವಾಣಿ. ಇಲ್ಲವೇ ಪಿಎಚ್‌ಸಿಯ ಡಾಕ್ಟರನ್ನು ಕೇಳಿ. ಉತ್ತರ ಸಿಗುವ ತನಕ "ಇದು ಖರೆ ಅದ ಸುಳ್ಳ ಅದ ನನಗೂ ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ, ಅಲ್ಲೀತನಕ ಯಾರೂ ಮುಂದ ಕಳಸಬ್ಯಾಡ್ರಿ" ಎಂದರೂ ಆಯಿತು. ಎಷ್ಟೋ ಜೀವಗಳಿಗೆ ಬೇಕಾದದ್ದು ಆ ಒಂದು ರಾತ್ರಿಯ ತಡೆಯಷ್ಟೇ.

ಗುರುವಾರ ಲಸಿಕೆಯ ದಿನ. ಬುಧವಾರ ರಾತ್ರಿ ಉಂಡಮೇಲೆ ಗ್ರೂಪು ತೆರೆದು ಇಷ್ಟು ಹಾಕಿ: "ನಾಳಿ ಅಂಗನವಾಡ್ಯಾಗ ಕೂಸುಗಳಿಗಿ ಸೂಜಿ ಹಾಕ್ತಾರ. ಮೊನ್ನಿ ಬಂದ ವಿಡಿಯೋ ಸುಳ್ಳ ಅದ, ದವಾಖಾನಿ ಡಾಕ್ಟರಿಗಿ ಕೇಳೇ ಹೇಳ್ತೀನಿ. ಸೂಜಿ ಹಾಕಿದ ರಾತ್ರಿ ಕೂಸಿನ ಮೈ ಬೆಚ್ಚಗ ಆದ್ರ ಅಂಜಬ್ಯಾಡ್ರಿ, ಸಿಸ್ಟರ್ ಬಾಯಿ ಕೊಟ್ಟ ಔಷಧ ಅವರು ಹೇಳಿದಷ್ಟೇ ಹಾಕ್ರಿ. ಹತ್ತು ಗಂಟೇಕ ನಾ ಅಲ್ಲೇ ಇರ್ತೀನಿ, ಏನರ ಕೇಳೋದಿದ್ರ ನನಗ ಕೇಳ್ರಿ." ಕೆಳಗೆ ನಿಮ್ಮ ಹೆಸರು ಹಾಕಿ.